ಕೈ ಕೆಳಗಿಳಿದ ಮೇಲೆ

ಫೆಬ್ರವರಿ ೩

ಅಕ್ಕಾ,

ಪೂರ್ತಿ ಓದಿ ಮುಗಿಸು, ಆಮೇಲೆ ಬೈಯಿ. ಹೋದ ವಾರ ನನ್ನ ಕೈಚೀಲ ಹೋಯಿತು. ಲ್ಯಾಬಿನಿಂದ ಹೊರಟು ಬ್ಯಾಂಕಿನ ತಿರುವಿನಲ್ಲಿ ನಡೆಯುತ್ತಿದ್ದೆ. ಹಗಲು ಹೊತ್ತು, ಸುತ್ತ ಜನ. ಒಬ್ಬ ಎದುರಿಗೆ ಬಂದ, ನನ್ನ ಮುಖ ನೋಡಿದ, ಹೆಗಲಿನಿಂದ ಚೀಲ ತೆಗೆದುಕೊಂಡ, ಹೋದ. ಕಿತ್ತುಕೊಂಡ ಅನ್ನೋಕೂ ಆಗಲ್ಲ, ನಾನೇ ಹೆಗಲು ಬಗ್ಗಿಸಿ ಕೊಟ್ಟ ಹಾಗಿತ್ತು. ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ಅವನು ತಿರುವು ದಾಟಿದ ಮೇಲೂ ಕಂಬದ ಹಾಗೆ ನಿಂತೇ ಇದ್ದೆ. ಒಬ್ಬ ಹೆಂಗಸು ಬಂದು, "ಬಸ್ಸಿಗೆ ಕಾಯ್ತಿದೀರಾ? ಇಲ್ಲಿ ನಿಲ್ಲಿಸಲ್ಲ" ಅಂದಳು.

ಚೀಲದಲ್ಲಿದ್ದದ್ದು ಬಾಚಣಿಗೆ, ಮನೆಯ ಬೀಗದ ಕೈ, ಮತ್ತೆ ಒಬ್ಬ ನಿವೃತ್ತ ಮೇಷ್ಟರಿಗೆ ತಲುಪಿಸಬೇಕಿದ್ದ ಮೇಲ್ದವಡೆಯ ಹಲ್ಲಿನ ಸೆಟ್. ಕಳ್ಳ ಆ ಡಬ್ಬಿ ತೆಗೆದಾಗ ಅವನ ಮುಖ ಹೇಗಾಗಿರಬೇಕು ಅಂತ ಲ್ಯಾಬಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆದರೆ ಮೇಣ ಕೊರೆಯೋಕೆ ಕೂತರೆ ಕೈ ನಡುಗುತ್ತದೆ. ಹಲ್ಲು ಮಾಡುವವಳ ಕೈ ನಡುಗಿದರೆ ಊರಿನವರೆಲ್ಲ ಸೊಟ್ಟ ನಗಬೇಕಾಗುತ್ತದೆ.

ಅದಕ್ಕೆ ಕರಾಟೆಗೆ ಹೋದೆ. ಪೀಠೋಪಕರಣದ ಅಂಗಡಿಯ ಮೇಲಿನ ಮಹಡಿ. ಒಂದು ಗಂಟೆ ಸಾಲಾಗಿ ನಿಂತು ಗಾಳಿಗೆ ಗುದ್ದಿದೆವು. ಗುದ್ದುವಾಗ ಕೂಗಬೇಕಂತೆ. ನಾನು ಕೂಗಿದ್ದು, ಕಾಫಿ ಬೇಕಾ ಅಂತ ಕೇಳಿದ ಹಾಗಿತ್ತು. ಗುರುಗಳು ಒಳ್ಳೆಯವರು, ನಗಲಿಲ್ಲ. ಆದರೆ ಅಲ್ಲಿ ಯಾರೂ ಯಾರ ಎದುರಿಗೂ ನಿಲ್ಲೋದಿಲ್ಲ. ನನಗೆ ಬೇಕಾದದ್ದು ಅದಲ್ಲ. ಎದುರಿಗೆ ಒಬ್ಬ ಮನುಷ್ಯ ಬಂದು ನಿಂತರೆ ನಾನು ಕಲ್ಲಾಗಬಾರದು, ಅಷ್ಟೇ. ಬೇರೆ ಕಡೆ ಹುಡುಕುತ್ತೇನೆ.

ನಿನ್ನ ಪುಟ್ಟಿ


ಫೆಬ್ರವರಿ ೧೭

ಪುಟ್ಟಿ,

ಸಾಮಾನಿನ ಲಾರಿ ನಿನ್ನೆ ಬಂತು. ನಿನ್ನ ಕಾಗದ ಆಲೂಗಡ್ಡೆ ಮೂಟೆಯ ಜೊತೆ ಕೂತು ಬಂದಿದೆ, ಮಣ್ಣಿನ ವಾಸನೆ. ಚಾಕು ಇತ್ತಾ ಅವನ ಹತ್ತಿರ? ಅದನ್ನು ಬರೆದೇ ಇಲ್ಲ. ಹಲ್ಲಿನ ಸೆಟ್ ಬಗ್ಗೆ ಮಾತ್ರ ಚೆನ್ನಾಗಿ ಬರೆದಿದೀಯ.

ಸೊಳ್ಳೆ ಹೊಡೆದು ಕ್ಷಮೆ ಕೇಳುವವಳು ನೀನು. ಕರಾಟೆ ಅಂತೆ. ಇಲ್ಲಿ ಗಣಿಯವರಿಗೆಲ್ಲ ಊಟ ಬಡಿಸುತ್ತಾ ಹೇಳಿದೆ, ಯಂತ್ರ ಓಡಿಸುವವರೆಲ್ಲ ನಿನ್ನ ಭಕ್ತರಾಗಿದಾರೆ. ಯಾವ ಊರಿಗೆ ಬರಬಾರದು ಅಂತ ಕೇಳಿಕೊಂಡು ಹೋದರು.

ಹೋಗು, ಆದರೆ ಮೂಗು ಜೋಪಾನ. ಅಮ್ಮ ಹೋದ ಮೇಲೆ ನಿನ್ನನ್ನು ಬೆಳೆಸಿದ್ದು ನಾನು, ಆ ಮೂಗಿಗೆ ಎಷ್ಟು ಚಳಿಗಾಲ ನೆಗಡಿ ಒರೆಸಿದೀನಿ ಅಂತ ನನಗೆ ಗೊತ್ತು.

ಅಕ್ಕ


ಮಾರ್ಚ್ ೬

ಅಕ್ಕಾ,

ಚಾಕು ಇರಲಿಲ್ಲ. ಅದೇ ನಾಚಿಕೆ.

ಕರಾಟೆ ಆದ ಮೇಲೆ ಟೇಕ್ವಾಂಡೋ. ಅಲ್ಲಿ ಎಲ್ಲ ಪುಟಾಣಿ ಮಕ್ಕಳು, ನಡುವೆ ನಾನು ಒಂದು ಬೀರುವಿನ ಹಾಗೆ. ಎರಡು ಜಡೆಯ ಒಂದು ಹುಡುಗಿ ನನ್ನ ಹೊಟ್ಟೆಗೆ ಒದ್ದು, "ಆಂಟಿ, ಉಸಿರು ಬಿಡಿ" ಅಂದಳು. ಅಲ್ಲಿಂದ ನೆಲದ ಮೇಲೆ ಹೊರಳಾಡಿ ಹಿಡಿಯುವ ಜಿಯು-ಜಿತ್ಸುಗೆ ಹೋದೆ. ಒಬ್ಬ ಲೆಕ್ಕಪರಿಶೋಧಕರು, ಕನ್ನಡಕ ತೆಗೆದಿಟ್ಟು, "ಕ್ಷಮಿಸಿ, ಸ್ವಲ್ಪ ಕತ್ತು ಹಿಡೀತೀನಿ" ಅಂತ ಅನುಮತಿ ಕೇಳಿ ಕತ್ತು ಹಿಸುಕಿದರು. ಕಣ್ಣು ಕತ್ತಲೆ ಬಂತು. ಅಷ್ಟು ಮರ್ಯಾದೆಯಾಗಿ ಯಾರೂ ನನ್ನನ್ನು ಸಾವಿನ ಹತ್ತಿರ ಕರೆದುಕೊಂಡು ಹೋಗಿರಲಿಲ್ಲ. ಮನೆಗೆ ಬಂದು ಗಂಟೆಗಟ್ಟಲೆ ಗೋಡೆ ನೋಡುತ್ತಾ ಕೂತೆ.

ಆಮೇಲೆ ಈ ಜಿಮ್ ಸಿಕ್ಕಿತು ಅಕ್ಕಾ. ಹಳೇ ಗ್ಯಾರೇಜು, ಗೋಡೆಗೆಲ್ಲ ಎಣ್ಣೆ ಕಲೆ, ನಡುವೆ ಹಗ್ಗ ಕಟ್ಟಿದ ರಿಂಗ್. ಕಿಕ್‌ಬಾಕ್ಸಿಂಗ್. ಮಾಸ್ಟರ್ ಯಾರನ್ನೂ ಹೆಸರು ಹಿಡಿದು ಕರೆಯಲ್ಲ, ಕೆಲಸ ಹಿಡಿದು ಕರೆಯುತ್ತಾರೆ. ನಾನು 'ಹಲ್ಲು'. ಗಡಿಯಾರ ಹಿಡಿದು ನಿಲ್ಲುವ ಬಸ್ ಚಾಲಕ 'ಬಸ್ಸು'. ನನ್ನ ಜೋಡಿ 'ಲೈಬ್ರರಿ', ಗ್ರಂಥಾಲಯದಲ್ಲಿ ಕೆಲಸ, ನನಗಿಂತ ಎರಡು ವರ್ಷ ದೊಡ್ಡವಳು. ಇಬ್ಬರೂ ಒಂದೇ ದಿನ ಸೇರಿದೆವು. ಅವಳು ಹೊಡೆಯುವ ಮೊದಲು ತುಟಿ ಕಚ್ಚುತ್ತಾಳೆ, ಅದರಿಂದ ನನಗೆ ಮೊದಲೇ ಗೊತ್ತಾಗಿಬಿಡುತ್ತದೆ. ಹೇಳಿದರೆ ನಗುತ್ತಾಳೆ, ಮತ್ತೆ ಕಚ್ಚುತ್ತಾಳೆ.

ಮೊನ್ನೆ ಮಾಸ್ಟರ್ ಎಲ್ಲರೆದುರು, "ಹಲ್ಲಿಗೆ ಕೈ ಇದೆ" ಅಂದರು, ಅಂದರೆ ಏಟಿನಲ್ಲಿ ತೂಕ ಇದೆ ಅಂತ. ನನ್ನನ್ನು ಯಾರೂ ಹಾಗೆ ಹೊಗಳಿರಲಿಲ್ಲ. ಈಗ ಮೇಣ ಕೊರೆಯುವಾಗ ಕೈ ನಡುಗುವುದಿಲ್ಲ.

ಪುಟ್ಟಿ


ಮಾರ್ಚ್ ೨೨

ಅಕ್ಕಾ,

ಜಿಮ್ಮಿನಲ್ಲಿ ಒಂದು ಸಣ್ಣ ಅವಘಡ ಆಯಿತು. ದೊಡ್ಡದೇನಲ್ಲ. ಕೆಲವು ದಿನ ಹೋಗುವುದಿಲ್ಲ. ಲ್ಯಾಬಿನಲ್ಲಿ ಕೆಲಸ ಜಾಸ್ತಿ ಇದೆ. ನೀನು ಊಟ ಸರಿಯಾಗಿ ಮಾಡು, ಬಡಿಸುವವರು ಹಸಿದಿರುತ್ತಾರೆ.

ಪುಟ್ಟಿ


ಮಾರ್ಚ್ ೨೪

ಪುಟ್ಟಿ,

ನಿನ್ನ ಮಾರ್ಚ್ ಆರರ ಕಾಗದ ಈಗ ಸಿಕ್ಕಿತು. ಲಾರಿ ಕೆಟ್ಟು ನಿಂತಿತ್ತಂತೆ. ಆ ಲೆಕ್ಕಪರಿಶೋಧಕರ ಕಥೆಯನ್ನು ಊಟದ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ನಕ್ಕು ನಕ್ಕು ಒಬ್ಬ ಸಾರಿನ ಬಟ್ಟಲು ಮಗುಚಿದ.

ಕೈ ಇದೆ ಅಂದರಾ. ಇರದೆ ಏನು, ನನ್ನ ತಂಗಿ. ಇಲ್ಲಿಯ ಉಗ್ರಾಣದವನು ನನಗೆ ಮೊಟ್ಟೆ ಕೊಡಲು ದಿನಾ ಸತಾಯಿಸುತ್ತಾನೆ. ಅವನ ಮುಖ ನೆನೆದುಕೊಂಡು ನನ್ನ ಪರವಾಗಿಯೂ ಒಂದು ಹಾಕು, ಎದುರಿನವರು ಎದ್ದೇಳಬಾರದು, ಹಾಗೆ.

ಅಕ್ಕ


ಏಪ್ರಿಲ್ ೩

ಪುಟ್ಟಿ,

ನಾಲ್ಕೇ ಸಾಲು ಬರೆದಿದೀಯ. ನೀನು ನಾಲ್ಕು ಸಾಲು ಬರೆದರೆ ಏನೋ ಮುರಿದಿದೆ ಅಂತಲೇ ಅರ್ಥ. ಯಾವ ಮೂಳೆ? ಕೈಯಾ? ಬರಹ ಸೊಟ್ಟಗಿದೆ. ಮುಚ್ಚಿಡಬೇಡ. ಮುಂದಿನ ಲಾರಿ ತನಕ ನಾನು ಇಲ್ಲಿ ಒಲೆ ಮುಂದೆ ನಿಂತು ಊಹೆ ಮಾಡುತ್ತಾ ಇರಬೇಕಾ?

ಅಕ್ಕ


ಏಪ್ರಿಲ್ ೧೦

ಅಕ್ಕಾ,

ನಿನ್ನ ಎರಡು ಕಾಗದ ಒಟ್ಟಿಗೆ ಬಂದವು. "ಎದುರಿನವರು ಎದ್ದೇಳಬಾರದು" ಅನ್ನುವ ಸಾಲು ಓದಿ ಕಾಗದ ಮಗುಚಿಟ್ಟೆ. ನಿನ್ನ ತಪ್ಪಿಲ್ಲ, ನಿನಗೆ ಗೊತ್ತಿರಲಿಲ್ಲ.

ನನಗೆ ಏನೂ ಮುರಿದಿಲ್ಲ. ಲೈಬ್ರರಿಯನ್ನು ನಾನು ಹೊಡೆದೆ.

ಮಾರ್ಚ್ ಇಪ್ಪತ್ತರಂದು ಮಾಸ್ಟರ್ ನಮ್ಮಿಬ್ಬರನ್ನು ರಿಂಗಿಗೆ ಹತ್ತಿಸಿದರು. ತಲೆಗೆ ಹಾಕುವ ರಕ್ಷಾಕವಚ ಬೇಡ, ಅದರಿಂದ ಹೆದರಿಕೆ ಹೋಗಲ್ಲ ಅಂದರು. ಮೂರನೇ ಸುತ್ತಿನಲ್ಲಿ ಅವಳು ಸುಸ್ತಾಗಿದ್ದಳು. ಮಾಸ್ಟರ್, "ಇನ್ನೊಂದು, ಹಲ್ಲು, ಇನ್ನೊಂದು" ಅನ್ನುತ್ತಿದ್ದರು. ಅವಳ ಕೈ ಕೆಳಗಿಳಿದದ್ದು, ನನ್ನ ಕೈ ಹೋದದ್ದು ಒಟ್ಟಿಗೇ. ಅವಳು ಕೂಗಲಿಲ್ಲ. ಬಟ್ಟೆ ಕಳಚಿ ಬಿದ್ದ ಹಾಗೆ ಬಿದ್ದಳು. ತಲೆ ರಿಂಗಿನ ಅಂಚಿಗೆ ತಗುಲಿದ ಸದ್ದು ಎಲ್ಲರಿಗೂ ಕೇಳಿಸಿತು.

ಕಣ್ಣು ಬಿಟ್ಟಾಗ ಅವಳಿಗೆ ಎಲ್ಲಿದೀನಿ ಅಂತ ತಿಳಿಯಲಿಲ್ಲ. ಮಾಸ್ಟರ್ ಅವಳ ಪಕ್ಕ ಮಂಡಿಯೂರಿ, ಮಗುವಿಗೆ ಹೇಳುವ ಹಾಗೆ ಮೆಲ್ಲಗೆ, "ಬಚ್ಚಲಲ್ಲಿ ಜಾರಿದೆ ಲೈಬ್ರರಿ, ಸೋಪಿತ್ತು" ಅಂದರು. ಆಮೇಲೆ ನನ್ನ ಕಡೆ ನೋಡಿದರು. ಕ್ಲಿನಿಕ್ಕಿನಲ್ಲಿ ದಾದಿ ಕೇಳಿದಾಗಲೂ ಅದನ್ನೇ ಹೇಳಿದರು. ನಾನು ತಲೆ ಆಡಿಸಿದೆ. ಮೂರು ಹೊಲಿಗೆ ಹಾಕಿ, ತಲೆಸುತ್ತಿಗೆ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು.

ಮೊನ್ನೆ ಅವಳ ಮನೆಗೆ ಹೋದೆ. ಹೇಳಲೇಬೇಕು ಅಂತ ಹೋದವಳು. ಅವಳು ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡು, "ನಾನು ಜಾರಿದಾಗ ನೀನೇ ಅಂತೆ ಎತ್ತಿದ್ದು" ಅಂದಳು. ಒಂದು ಬುಟ್ಟಿ ಕಿತ್ತಳೆ ಕೊಟ್ಟಳು. ಮುಂದಿನ ತಿಂಗಳು ಮತ್ತೆ ಬರುತ್ತೀನಿ, ತುಟಿ ಕಚ್ಚಲ್ಲ ಅಂದಳು. ಕಿತ್ತಳೆ ಹೊತ್ತುಕೊಂಡು ಬಂದುಬಿಟ್ಟೆ ಅಕ್ಕಾ. ಅಡುಗೆಮನೆ ಮೇಜಿನ ಮೇಲೆ ಹಾಗೇ ಇವೆ.

ಏನು ಮಾಡಲಿ?

ಪುಟ್ಟಿ


ಏಪ್ರಿಲ್ ೧೯

ಪುಟ್ಟಿ,

ಒಲೆಯ ಮೇಲಿದ್ದದ್ದು ಸೀದು ಹೋದರೂ ಗೊತ್ತಾಗಲಿಲ್ಲ. ಮೂರು ಸಲ ಓದಿದೆ. ಈಗ ತಲೆ ತಣ್ಣಗಿಟ್ಟುಕೊಂಡು ನಾನು ಹೇಳುವುದು ಕೇಳು.

ಸುಮ್ಮನಿರು. ಅವಳೇ ಜಾರಿದೆ ಅನ್ನುತ್ತಾಳೆ. ಎದ್ದು ಓಡಾಡುತ್ತಿದ್ದಾಳೆ, ಕಿತ್ತಳೆ ಕೊಡುತ್ತಿದ್ದಾಳೆ. ನೀನು ಬಾಯಿ ಬಿಟ್ಟರೆ ಅವಳ ತಲೆಯ ಹೊಲಿಗೆ ಮಾಯುತ್ತದಾ? ನಿನ್ನ ಮೇಲೆ ದೂರಾಗುತ್ತದೆ, ಲ್ಯಾಬಿನವರು ನಿನ್ನನ್ನು ಇಟ್ಟುಕೊಳ್ಳಲ್ಲ, ನೀನು ಒಬ್ಬಳೇ. ನಾನು ಇಷ್ಟು ದೂರದಲ್ಲಿ ಬೆಟ್ಟದ ಮೇಲೆ ಕೂತು ಏನು ಮಾಡಲಿ? ಆ ಜಿಮ್ಮಿಗೆ ಮತ್ತೆ ಕಾಲಿಡಬೇಡ. ಆ ಹೆಂಗಸಿನ ಮನೆಗೂ ಹೋಗಬೇಡ. ಕಿತ್ತಳೆ ಬಿಸಾಕು.

ನಿನ್ನನ್ನು ನಾನು ಸಾಕಿದ್ದು ಜೈಲಿಗೆ ಕಳಿಸೋಕಲ್ಲ.

ಅಕ್ಕ


ಏಪ್ರಿಲ್ ೩೦

ಅಕ್ಕಾ,

ನಿನ್ನ ಕಾಗದ ಬಂತು. ಅಂದು ರಿಂಗಿನಲ್ಲಿ ಆದದ್ದಕ್ಕಿಂತ ಅದು ಜಾಸ್ತಿ ನಡುಗಿಸಿತು. ಹೋಗಿ ಹೇಳು ಅನ್ನುತ್ತೀಯ ಅಂತ ಕಾಯುತ್ತಿದ್ದೆ. ಚಿಕ್ಕವಳಿದ್ದಾಗ ಪಕ್ಕದ ಮನೆಯ ಕುಂಡ ಒಡೆದಿದ್ದಕ್ಕೆ ನನ್ನನ್ನು ಕಿವಿ ಹಿಡಿದು ಎಳೆದುಕೊಂಡು ಹೋದವಳು ನೀನು.

ನಿನ್ನ ಮಾತು ಕೇಳಲಿಲ್ಲ. ಲೈಬ್ರರಿ ಮನೆಗೆ ಹೋದೆ. ಅವಳು ಪೆನ್ನು ಕೊಡು ಅನ್ನೋಕೆ ಹೋಗಿ ಲೋಟ ಕೊಡು ಅಂದಳು. ಎಡಗಾಲು ಎಳೆಯುತ್ತಿತ್ತು. "ಈ ತಲೆನೋವು ಬಿಡ್ತಾನೇ ಇಲ್ಲ, ಮಾತ್ರೆ ನುಂಗಿ ಸಾಕಾಯ್ತು" ಅಂದಳು.

"ನೀನು ಜಾರಿ ಬೀಳಲಿಲ್ಲ. ನಾನು ಹೊಡೆದೆ" ಅಂದೆ.

"ಇಲ್ಲ" ಅಂದಳು. "ಬಚ್ಚಲಲ್ಲಿ ಸೋಪಿತ್ತು. ನಲ್ಲಿ ಪಕ್ಕ. ನನಗೆ ಚೆನ್ನಾಗಿ ನೆನಪಿದೆ, ಹಸಿರು ಸೋಪು."

ಅಲ್ಲಿ ಸೋಪೇ ಇರಲಿಲ್ಲ ಅಕ್ಕಾ. ನಾವು ಹೇಳಿದ ಸುಳ್ಳು ಅವಳ ತಲೆಯೊಳಗೆ ಬಣ್ಣ ಸಮೇತ ನೆನಪಾಗಿ ಕೂತಿತ್ತು. ಅವಳನ್ನು ಎಳೆದುಕೊಂಡೇ ದೊಡ್ಡ ಆಸ್ಪತ್ರೆಗೆ ಹೋದೆ. ವಾರಗಟ್ಟಲೆ ಜಿಮ್ಮಿನಲ್ಲಿ ತಲೆಗೆ ಏಟು ತಿಂದಿದಾಳೆ, ಕೊನೆಯದು ನನ್ನದು, ಅಂತ ಡಾಕ್ಟರಿಗೆ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಇಷ್ಟು ದಿನ ಯಾರೂ ಇದನ್ನು ಹೇಳಲಿಲ್ಲವಾ?" ಅಂದರು.

ತಲೆಬುರುಡೆಯ ಒಳಗೆ ರಕ್ತ ತುಂಬಿಕೊಂಡಿತ್ತು, ನಿಧಾನವಾಗಿ, ಅವತ್ತಿನಿಂದ. ಅದೇ ಸಂಜೆ ಕೊರೆದು ತೆಗೆದರು. ಇನ್ನೂ ಪ್ರಜ್ಞೆ ಸರಿಯಾಗಿ ಬಂದಿಲ್ಲ.

ನೀನು ಸುಮ್ಮನಿರು ಅಂದೆ.

ತಂಗಿ


ಮೇ ೨೪

ಅಕ್ಕಾ,

ಎರಡು ಲಾರಿ ಬಂದು ಹೋದವು, ನಿನ್ನಿಂದ ಒಂದು ಸಾಲೂ ಇಲ್ಲ. ಕೋಪ ಬಂದಿದೆ ಅಂತ ಗೊತ್ತು. ಇರಲಿ.

ಲೈಬ್ರರಿ ಕಣ್ಣು ಬಿಟ್ಟಿದಾಳೆ, ಮಾತಾಡುತ್ತಾಳೆ. ನನ್ನ ಜೊತೆ ಅಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳ ತಾಯಿ, "ನೀನು ಒಳಗೆ ಬರಬೇಡಮ್ಮ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ದಿನಾ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತು ಬರುತ್ತೇನೆ. ಪೊಲೀಸರಿಗೂ ಹೇಳಿಕೆ ಕೊಟ್ಟಿದೀನಿ. ಲ್ಯಾಬಿನ ಯಜಮಾನರಿಗೂ ಹೇಳಿದೆ. ಅವರು ಕೆಳದವಡೆಯ ಒಂದು ಸೆಟ್ ನನ್ನ ಮುಂದಿಟ್ಟು, "ಇದು ನಾಳೆಗೆ ಬೇಕು" ಅಂದರು.

ಇನ್ನು ಹೊಡೆಯುವ ಜಾಗಕ್ಕೆ ಹೋಗಬಾರದು ಅಂತಿದ್ದೆ. ಆದರೂ ಹಳೇ ಮುದ್ರಣಾಲಯದ ನೆಲಮಾಳಿಗೆಯಲ್ಲಿ ಜೂಡೋ ಕಲಿಸುತ್ತಾರೆ ಅಂತ ಕೇಳಿ ಮೆಟ್ಟಿಲು ಇಳಿದೆ. ಕಲಿಸುವವರು ಅರವತ್ತು ದಾಟಿದ ಹೆಂಗಸು, ಎಲ್ಲರೂ ದೊಡ್ಡಮ್ಮ ಅನ್ನುತ್ತಾರೆ. ಸೇರುವ ಮೊದಲೇ ಎಲ್ಲ ಹೇಳಿಬಿಟ್ಟೆ. ಆಮೇಲೆ ಗೊತ್ತಾಗುವುದು ಬೇಡ ಅಂತ.

"ಬದುಕಿದಾಳಾ?" ಅಂದರು.

"ಹೂಂ."

"ನೋಡೋಕೆ ಹೋಗ್ತಿದೀಯಾ?"

"ಹೂಂ. ಒಳಗೆ ಬಿಡಲ್ಲ."

"ಚಪ್ಪಲಿ ಹೊರಗೆ ಬಿಟ್ಟು ಬಾ" ಅಂದರು. ಅಷ್ಟೇ.

ಅಲ್ಲಿ ಮೊದಲು ಬೀಳೋದು ಕಲಿಸುತ್ತಾರೆ. ಗದ್ದ ಎದೆಗೆ ಒತ್ತಿ, ತಲೆ ನೆಲಕ್ಕೆ ತಗುಲದ ಹಾಗೆ. ಎದುರಿನವರು ಚಾಪೆಯ ಮೇಲೆ ಎರಡು ಸಲ ತಟ್ಟಿದರೆ ಕೈ ಬಿಡಲೇಬೇಕು. ಬಿಡದಿದ್ದರೆ ಅವತ್ತೇ ಮನೆಗೆ. ಇಡೀ ಊರಲ್ಲಿ ನಾನು ಮೊದಲು ಹತ್ತಬೇಕಿದ್ದ, ಅಲ್ಲ, ಇಳಿಯಬೇಕಿದ್ದ ಮೆಟ್ಟಿಲು ಇದು.

ಬರೆ ಅಕ್ಕಾ. ಬೈದಾದರೂ ಬರೆ.

ಪುಟ್ಟಿ


ಜೂನ್ ೨

ಪುಟ್ಟಿ,

ಮುದ್ರೆ ನೋಡಿ ಗಾಬರಿಯಾಗಬೇಡ. ಹೌದು, ಇದು ನಿನ್ನ ಊರಿನದೇ ಅಂಚೆ ಮುದ್ರೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಆಮೇಲೆ ನೀನೇನಾದರೂ ಬರೆದಿದ್ದರೆ ನನಗೆ ಸಿಕ್ಕಿಲ್ಲ, ಅದಿನ್ನೂ ಬೆಟ್ಟದ ದಾರಿಯಲ್ಲಿರಬೇಕು. ನನಗೆ ಗೊತ್ತಿರುವುದು ಏಪ್ರಿಲ್ ಮೂವತ್ತರದ್ದು.

ಅದನ್ನು ಓದಿ ನಾನು ಕೋಪ ಮಾಡಿಕೊಳ್ಳಲಿಲ್ಲ. ನನ್ನ ಮಾತು ನೀನು ಕೇಳಿದ್ದರೆ ಒಬ್ಬ ಹೆಂಗಸು ಸತ್ತಿರುತ್ತಿದ್ದಳು. ಬರೆಯೋಕೆ ಕೂತರೆ ಪೆನ್ನು ಓಡಲಿಲ್ಲ. ಕೊನೆಗೆ ರಜೆ ಹಾಕಿ ಲಾರಿಯಲ್ಲೇ ಇಳಿದು ಬಂದೆ.

ಮೊದಲು ನಿನ್ನ ಹತ್ತಿರ ಬರಲಿಲ್ಲ. ಆ ಜಿಮ್ಮಿಗೆ ಹೋದೆ. ಸೇರೋಕೆ ಬಂದಿದೀನಿ ಅಂದೆ. ನಲವತ್ತಾರರ ಹೆಂಗಸು, ಅಡುಗೆಮನೆಯ ರಬ್ಬರ್ ಶೂ. ಆ ಮಾಸ್ಟರ್ ಅನ್ನುವ ಮನುಷ್ಯ ನಗಲೂ ಇಲ್ಲ. ಕೈಗೆ ಪಟ್ಟಿ ಸುತ್ತಿ, ತೂಗುಹಾಕಿದ ಮರಳು ಚೀಲದ ಮುಂದೆ ನಿಲ್ಲಿಸಿದ, ಹೊಡಿ ಅಂದ. ಹೊಡೆದೆ. "ಅಡುಗೆಗೆ ಕೈ ಇದೆ" ಅಂದ. ಪುಟ್ಟಿ, ಒಂದು ಕ್ಷಣ ನನಗೂ ಖುಷಿಯಾಯಿತು. ಅದಕ್ಕೇ ಮೈ ಜುಮ್ಮಂತು.

ಆಮೇಲೆ ಕೇಳಿದೆ, ಇಲ್ಲಿ ಯಾರೋ ಬಿದ್ದರಂತೆ ಅಂತ. "ಅದು ಹಲ್ಲಿನ ಲ್ಯಾಬಿನವಳ ಕೆಲಸ" ಅಂದ. "ನಿಲ್ಲಿಸು ನಿಲ್ಲಿಸು ಅಂದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳಿಗೆ ಹೊಡೆಯೋದರಲ್ಲಿ ರುಚಿ ಹತ್ತಿತ್ತು."

ಈಗ ಬರೆಯುವುದು ಬರೆಯಬಾರದ್ದು. ನಾನು ಅವನನ್ನು ನಂಬಿದೆ. ಸ್ವಲ್ಪ ಹೊತ್ತು. ಬಾಗಿಲ ತನಕ ನಡೆಯುವಷ್ಟು ಹೊತ್ತು ನನ್ನ ತಂಗಿಯೇ ನನಗೆ ಸುಳ್ಳು ಬರೆದಿದಾಳೆ ಅಂದುಕೊಂಡೆ.

ಬಾಗಿಲ ಹತ್ತಿರ ಬಸ್ ಚಾಲಕ ನಿಂತಿದ್ದರು. ಕೇಳಿಸಿಕೊಂಡಿದ್ದರು. "ನಿಲ್ಲಿಸು ಅನ್ನಲಿಲ್ಲ ಅಮ್ಮ" ಅಂದರು. "ಇನ್ನೊಂದು ಅಂದರು. ಗಡಿಯಾರ ನನ್ನ ಕೈಯಲ್ಲಿತ್ತು, ಸುತ್ತು ಮುಗಿದಿತ್ತು. ನಾನೂ ಬಾಯಿ ಬಿಡಲಿಲ್ಲ." ಅವರನ್ನು ನಾನೇ ಪೊಲೀಸ್ ಠಾಣೆಗೆ ಕರೆದುಕೊಂಡು ಹೋದೆ. ಹೇಳಿಕೆ ಕೊಟ್ಟಿದಾರೆ.

ಆಮೇಲೆ ನಿನ್ನ ಲ್ಯಾಬಿಗೆ ಬಂದೆ. ಕಿಟಕಿಯಿಂದ ಕಂಡೆ. ತಲೆ ಬಗ್ಗಿಸಿ ಏನೋ ಉಜ್ಜುತ್ತಾ ಕೂತಿದ್ದೆ, ಸಣ್ಣಗಾಗಿದೀಯ. ಒಳಗೆ ಬರುವ ಮುಖ ನನಗಿರಲಿಲ್ಲ. ಸುಮ್ಮನಿರು ಅಂದವಳು ಮೊದಲು, ಅವನನ್ನು ನಂಬಿದವಳು ಆಮೇಲೆ.

ನನ್ನ ಬಸ್ಸು ಬಂತು.

ಅಕ್ಕ


ಜೂನ್ ೧೮

ಅಕ್ಕಾ,

ಕಿಟಕಿಯ ತನಕ ಬಂದು ಹೋದೆಯಾ? ಕಾಗದ ಓದಿದ ಕೂಡಲೇ ಎದ್ದು ಬೀದಿಗೆ ಓಡಿದೆ. ನೀನು ಹೋಗಿ ಮೂರು ದಿನ ಆಗಿತ್ತು ಅಂತ ಮುದ್ರೆಯಲ್ಲೇ ಇತ್ತು, ಆದರೂ ಓಡಿದೆ. ತುಂಬಾ ಸಿಟ್ಟು ಬಂತು. ಈಗಲೂ ಪೂರ್ತಿ ಇಳಿದಿಲ್ಲ. ಅದಕ್ಕೇ ಬರೆಯೋದು ಇಷ್ಟು ತಡ.

ಜಿಮ್ಮಿಗೆ ಬೀಗ ಬಿದ್ದಿದೆ. ಬಸ್ಸಿನ ಹೇಳಿಕೆಯ ಮೇಲೆ ವಿಚಾರಣೆ ನಡೆಯುತ್ತಿದೆ, ನನ್ನದೂ ಸೇರಿ. ಏನಾಗುತ್ತದೋ ಆಗಲಿ.

ಲೈಬ್ರರಿ ಮೊನ್ನೆ ತಾನಾಗಿ ಮುದ್ರಣಾಲಯದ ನೆಲಮಾಳಿಗೆಗೆ ಬಂದಳು. ಅಲ್ಲಿ ನಾನಿರುತ್ತೇನೆ ಅಂತ ಬಸ್ಸು ಹೇಳಿದರಂತೆ. ಕೂದಲು ಇನ್ನೂ ಬಂದಿಲ್ಲ, ತಲೆಗೆ ಬಟ್ಟೆ ಕಟ್ಟಿದ್ದಳು. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬೆಂಚಿನ ಮೇಲೆ ಕೂತಳು. ತರಗತಿ ಮುಗಿದು ಎಲ್ಲರೂ ಹೋಗುವ ತನಕ ಕೂತೇ ಇದ್ದಳು. ದೊಡ್ಡಮ್ಮ ಬೀಗದ ಕೈ ನನ್ನ ಕೈಗಿಟ್ಟು ಹೊರಟುಹೋದರು.

"ನನಗೆ ಇನ್ನೂ ಆ ಸೋಪೇ ಕಾಣಿಸ್ತದೆ" ಅಂದಳು. "ಅದು ಸುಳ್ಳು ಅಂತ ಗೊತ್ತು, ಆದರೂ ಕಾಣಿಸ್ತದೆ. ಅದರ ಜಾಗಕ್ಕೆ ಇಡೋಕೆ ನನ್ನ ಹತ್ತಿರ ಏನೂ ಇಲ್ಲ. ನಾನು ಹೇಗೆ ಬಿದ್ದೆ, ತೋರಿಸು."

ನನಗೆ ಅರ್ಥ ಆಗಲಿಲ್ಲ. ಅವಳು ಚಾಪೆ ಕಡೆ ಕೈ ತೋರಿಸಿದಳು.

ನಿಂತೆ. ಅವಳು ನಿಲ್ಲುವ ಹಾಗೆ, ಎಡಗಾಲು ಮುಂದೆ. ತುಟಿ ಕಚ್ಚಿದೆ. ಕೈ ಮೇಲಿತ್ತು, ಹೀಗೆ, ಆಮೇಲೆ ಇಳಿಯಿತು, ಹೀಗೆ. ತಲೆಯನ್ನು ಪಕ್ಕಕ್ಕೆ ಎಸೆದೆ. ಮಂಡಿ ಸಡಿಲ ಬಿಟ್ಟೆ. ಬಿದ್ದೆ. ಅಷ್ಟು ದಿನ ಕಲಿತ ಯಾವ ಉಪಾಯವನ್ನೂ ಮಾಡಲಿಲ್ಲ, ಅವಳು ಬಿದ್ದ ಹಾಗೇ ಬಿದ್ದೆ. ಚಾಪೆ ಮೆತ್ತಗಿದ್ದರೂ ಕಿವಿಯಲ್ಲಿ ಗುಂಯ್ ಅಂತು. ಕಣ್ಣು ತೆರೆದಾಗ ಅವಳು ಬಾಯಿಗೆ ಕೈ ಒತ್ತಿಕೊಂಡಿದ್ದಳು.

"ಕೈ ಕೆಳಗಿತ್ತಾ ನಂದು?" ಅಂದಳು.

"ಹೂಂ."

"ಆಮೇಲೆ ಹೊಡೆದೆಯಾ? ಮೊದಲಾ?"

ಅಕ್ಕಾ, ನಿನಗೆ ಒಟ್ಟಿಗೇ ಅಂತ ಬರೆದಿದ್ದೆ. ಪೊಲೀಸರಿಗೂ ಹಾಗೇ ಹೇಳಿದ್ದೆ. ಒಟ್ಟಿಗೇ ಅಲ್ಲ. ಅವಳ ಕೈ ಇಳಿದದ್ದನ್ನು ನಾನು ನೋಡಿದೆ. ಮುಖ ಖಾಲಿ ಇತ್ತು. ಮಾಸ್ಟರ್ ಇನ್ನೊಂದು ಅಂದರು, ನಿಜ. ಆದರೆ ಅವರು ಹೇಳದಿದ್ದರೂ ಹೊಡೆಯುತ್ತಿದ್ದೆನೋ ಏನೋ. ಆ ಹೊತ್ತಿಗೆ ಅದು ಹಿತವಾಗಿತ್ತು. ಮಾಸ್ಟರ್ ಮಾತನ್ನು ನೀನು ನಂಬಿದ್ದರಲ್ಲಿ ಅಷ್ಟು ನಿಜ ಇದೆ.

"ಆಮೇಲೆ" ಅಂದೆ ಅವಳಿಗೆ. ನಾಳೆ ಠಾಣೆಗೆ ಹೋಗಿ ಅವರಿಗೂ ಹೇಳುತ್ತೇನೆ.

ಅವಳು ತುಂಬಾ ಹೊತ್ತು ಚಾಪೆಯನ್ನೇ, ನಾನು ಬಿದ್ದ ಜಾಗವನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಎದ್ದು, "ಮೆಟ್ಟಿಲು ಹತ್ತೋಕೆ ಆಗಲ್ಲ ನನಗೆ, ಎಡಗಾಲು ಕೇಳಲ್ಲ" ಅಂದಳು. ತೋಳು ಕೊಟ್ಟೆ. ಹಿಡಿದುಕೊಂಡಳು, ಗಟ್ಟಿಯಾಗಿ, ಉಗುರು ಒತ್ತುವ ಹಾಗೆ. ಒಂದೊಂದೇ ಮೆಟ್ಟಿಲು ಹತ್ತಿದೆವು. ಬೀದಿಗೆ ಬಂದ ಮೇಲೆ ನೆಲ ಸಮ ಇತ್ತು, ಗೋಡೆಯೂ ಇತ್ತು. ಅವಳು ಕೈ ಬಿಡಲಿಲ್ಲ. ಅವಳ ಮನೆಯ ತನಕ ಹಾಗೇ ನಡೆದೆವು.

ನೀನು ಮತ್ತೆ ರಜೆ ಹಾಕು ಅಕ್ಕಾ. ಈ ಸಲ ಬಾಗಿಲಿಂದ ಬಾ.

ಪುಟ್ಟಿ